ಮನೆ ಬೋರ್ಡಿನಿಂದ ಗಾಡಿ ಚಾರ್ಜಿಂಗ್: ರಿಯಾಯಿತಿ, ಸಹಾಯಧನ ಮತ್ತು 200 ಯೂನಿಟ್ ಗೆರೆ (ಮುಖ್ಯಾಂಶಗಳು)

ಇಲ್ಲಿನ ಲೆಕ್ಕಗಳು ನಮ್ಮ ಖಟಕ ಚಿಂಚೋಳಿಯ ಕಡೆಯ ಮನೆಗಳಿಗೆ. ಇದು ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ಹೋಬಳಿ. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕು ಬೇರೆ. ಹೆಸರು ನೋಡಿ ಪರೀಕ್ಷೆಯಲ್ಲಿ ಜಿಲ್ಲೆ ತಪ್ಪು ಬರೆದು ಅಂಕ ಕಳೆದುಕೊಳ್ಳಬೇಡಿ. ಇಲ್ಲಿಗೆ ಕರೆಂಟ್ ಕೊಡುವುದು ಜೆಸ್ಕಾಂ, ಅದರ ಕೇಂದ್ರ ಕಚೇರಿ ಕಲಬುರಗಿಯಲ್ಲಿದೆ. ಭಾಲ್ಕಿಯ ವಾಹನ ನೋಂದಣಿ ಸಂಕೇತ ಕೆಎ-39, ಬೀದರಿನದು ಕೆಎ-38.

2024ರ ಕೊನೆಯ ಹೊತ್ತಿಗೆ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶಕ್ಕೇ ಮೊದಲಿತ್ತು. ಆದರೆ ಅವುಗಳಲ್ಲಿ ಮುಕ್ಕಾಲಿಗೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯಲ್ಲೇ ಇದ್ದವು. ಹಾಗಾಗಿ ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಿ ಎಲೆಕ್ಟ್ರಿಕ್ ಗಾಡಿ ಕೊಳ್ಳುವವರಿಗೆ ಮನೆಯ ಬೋರ್ಡೇ ಬಂಕ್. ಆ ಬೋರ್ಡಿಗೆ ಸರ್ಕಾರದಿಂದ ಏನು ಸಿಗುತ್ತದೆ ಎಂಬುದು ಪರೀಕ್ಷೆಗೆ ಓದುವವರಿಗೂ ಬೇಕು, ಮನೆ ಯಜಮಾನರಿಗೂ ಬೇಕು.

ಮೊದಲು ತಿಳಿಯಬೇಕಾದ್ದು

ಮನೆಯಲ್ಲಿ ಕೂರಿಸುವ ಚಾರ್ಜರ್‌ಗೆಂದೇ ನಗದು ಸಹಾಯಧನ ಕೊಡುವ ಕೇಂದ್ರ ಯೋಜನೆ ಇಲ್ಲ. ಕೇಂದ್ರದ ಎಲೆಕ್ಟ್ರಿಕ್ ವಾಹನ ಯೋಜನೆಯಾದ ಪಿಎಂ ಇ-ಡ್ರೈವ್‌ನಲ್ಲಿ ಚಾರ್ಜಿಂಗ್‌ಗೆ ತೆಗೆದಿಟ್ಟ 2,000 ಕೋಟಿ ರೂಪಾಯಿ ಸಾರ್ವಜನಿಕ ಕೇಂದ್ರಗಳ ಪಾಲು. ಮನೆಯವರಿಗೆ ಬರುವ ಲಾಭ ಗಾಡಿಯ ಬೆಲೆ, ಜಿಎಸ್‌ಟಿ, ರಸ್ತೆ ತೆರಿಗೆ, ಕರೆಂಟ್ ಬಿಲ್, ಸೋಲಾರ್ ಹೀಗೆ ಬೇರೆ ಬೇರೆ ಬಾಗಿಲುಗಳಿಂದ ಬರುತ್ತದೆ. ಅವುಗಳಲ್ಲಿ ಹಳ್ಳಿಯ ಮನೆಗೆ ಅತಿ ದೊಡ್ಡದು ಕರೆಂಟ್ ಬಿಲ್ಲಿನ ಬಾಗಿಲು. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಹೋಲಿಕೆಗೆ ಒಂದು ಉದಾಹರಣೆ: ದೆಹಲಿ ಸರ್ಕಾರ ತನ್ನ 2020ರ ನೀತಿಯಡಿ ಮೊದಲ 30,000 ಚಾರ್ಜಿಂಗ್ ಪಾಯಿಂಟ್‌ಗಳಿಗೆ ತಲಾ 6,000 ರೂ.ವರೆಗೆ ನೇರ ನೆರವು ಪ್ರಕಟಿಸಿತು. ಅಮೆರಿಕದಲ್ಲಿರುವ ನಮ್ಮವರು ಹೇಳುವ 30ಸಿ ರಿಯಾಯಿತಿ, ಅರ್ಹ ಪ್ರದೇಶದ ಮನೆಗಳಿಗೆ ಚಾರ್ಜರ್ ವೆಚ್ಚದ ಶೇ. 30ರಷ್ಟನ್ನು, ಹೆಚ್ಚೆಂದರೆ 1,000 ಡಾಲರನ್ನು ಆದಾಯ ತೆರಿಗೆಯಲ್ಲಿ ಬಿಡುವ ಏರ್ಪಾಡು. 2025ರ ಕಾಯ್ದೆ ಅದಕ್ಕೆ 2026ರ ಜೂನ್ 30ರ ಗಡುವು ಹಾಕಿತು.

ಗೃಹಜ್ಯೋತಿ: ಲೆಕ್ಕ ಇಲ್ಲಿದೆ

- ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯ ಸರ್ಕಾರದ ಈ ಯೋಜನೆಯ ಅಧಿಕೃತ ಚಾಲನೆ 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ, ಅಂದರೆ ನಮ್ಮ ಜೆಸ್ಕಾಂ ನೆಲದಲ್ಲೇ. ಲಾಭ 2023ರ ಜುಲೈ ತಿಂಗಳ ಬಳಕೆಯಿಂದಲೇ ಆರಂಭ.
- ಎಲ್ಲರಿಗೂ 200 ಯೂನಿಟ್ ಉಚಿತ ಎಂಬುದು ತಪ್ಪು ತಿಳಿವಳಿಕೆ. 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದರೆ ಬರುವುದೇ ಆ ಮನೆಯ ಅರ್ಹತೆ.
- ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರುವವರಿಗೆ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿ. ಈ ಬದಲಾವಣೆ ಬಂದದ್ದು 2024ರ ಜನವರಿಯಲ್ಲಿ.
- ಅರ್ಹತೆ ದಾಟಿ 200ರೊಳಗೆ ಇದ್ದರೆ ಹೆಚ್ಚಿನ ಯೂನಿಟ್‌ಗೆ ಮಾತ್ರ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು.
- ಬಾಡಿಗೆ ಮನೆಯವರೂ ಅರ್ಹರು.

ಇದಕ್ಕೆ ಗಾಡಿಯನ್ನು ಸೇರಿಸಿ ನೋಡೋಣ. ದಿನಕ್ಕೆ ಸುಮಾರು 40 ಕಿ.ಮೀ. ಓಡುವ ಸ್ಕೂಟರ್ ಚಾರ್ಜರ್‌ನಲ್ಲಾಗುವ ನಷ್ಟವೂ ಸೇರಿ ದಿನಕ್ಕೆ ಸರಿಸುಮಾರು ಒಂದೂವರೆ ಯೂನಿಟ್ ಎಳೆಯುತ್ತದೆ. ತಿಂಗಳಿಗೆ 45 ಯೂನಿಟ್. 2025-26ರ ಗೃಹ ಬಳಕೆ ದರ ಯೂನಿಟ್‌ಗೆ 5.80 ರೂ., ಪಿಂಚಣಿ-ಗ್ರಾಚ್ಯುಟಿ ಸರ್ಚಾರ್ಜ್ 36 ಪೈಸೆ, ಒಟ್ಟು 6.16 ರೂ. ವಿದ್ಯುತ್ ತೆರಿಗೆ ಮತ್ತು ನಿಗದಿತ ಶುಲ್ಕ ಬೇರೆ.

ಮೊದಲ ಮನೆ: ಹಿಂದಿನ ಸರಾಸರಿ 70, ಅರ್ಹತೆ 77. ಈಗಿನ ಮನೆ ಬಳಕೆ 70, ಗಾಡಿಯದು 45, ಒಟ್ಟು 115. ಹಣ ಕಟ್ಟಬೇಕಾದ್ದು 38 ಯೂನಿಟ್‌ಗೆ, ಸುಮಾರು 234 ರೂ. ತಿಂಗಳಿಡೀ ಗಾಡಿ ಓಡಿಸುವ ಖರ್ಚು ಇಷ್ಟೇ. ಇದಕ್ಕಿಂತ ಒಳ್ಳೆಯ ಸಬ್ಸಿಡಿ ಯಾವ ಅಂಗಡಿಯಲ್ಲೂ ಸಿಗದು.

ಎರಡನೇ ಮನೆ: ಹಿಂದಿನ ಸರಾಸರಿ 150, ಅರ್ಹತೆ 165. ಈಗಿನ ಬಳಕೆ 160, ಬಿಲ್ ಶೂನ್ಯ. ಗಾಡಿಯ 45 ಸೇರಿದರೆ 205. ಗೆರೆ ದಾಟಿದ್ದು ಐದೇ ಯೂನಿಟ್, ಆದರೆ ಹಣ ಕಟ್ಟಬೇಕಾದ್ದು 205ಕ್ಕೂ, ಅಂದರೆ ಸುಮಾರು 1,263 ರೂ. ಅದರ ಮೇಲೆ ಪ್ರತಿ ಕಿಲೋವ್ಯಾಟ್‌ಗೆ 145 ರೂ. ನಿಗದಿತ ಶುಲ್ಕ ಮತ್ತು ತೆರಿಗೆ. ನಿನ್ನೆಯವರೆಗೆ ಸೊನ್ನೆ ಬಿಲ್ ನೋಡಿದ ತಾಯಂದಿರ ಕೈಗೆ ಇಂಥ ಚೀಟಿ ಬಂದರೆ ಗಾಡಿಯ ಮೇಲೆಯೇ ಬೇಸರ ಬರುತ್ತದೆ. ಬೇಸಿಗೆಯಲ್ಲಿ ಕೂಲರ್, ಫ್ಯಾನ್ ರಾತ್ರಿಯಿಡೀ ತಿರುಗುವ ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಈ ಅಪಾಯ ಹೆಚ್ಚು.

ಗೆರೆಯಂಚಿನ ಮನೆಗೆ ದಾರಿ: ಪ್ರತ್ಯೇಕ ಮೀಟರ್

- ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರುವರಿಯಲ್ಲಿ ತಿದ್ದುಪಡಿಯಾಯಿತು. ಅದರಂತೆ ಎಲೆಕ್ಟ್ರಿಕ್ ವಾಹನ ಚಾರ್ಜಿಂಗ್‌ಗೆ ಗ್ರಾಹಕರು ಪ್ರತ್ಯೇಕ ಸಂಪರ್ಕ ಕೇಳಬಹುದು.
- ಹೊಸ ಸಂಪರ್ಕ ಕೊಡಲು ಗರಿಷ್ಠ ಅವಧಿ: ಮಹಾನಗರದಲ್ಲಿ 3 ದಿನ, ಪುರಸಭೆ ವ್ಯಾಪ್ತಿಯಲ್ಲಿ 7 ದಿನ, ಗ್ರಾಮೀಣ ಪ್ರದೇಶದಲ್ಲಿ 15 ದಿನ. ಭಾಲ್ಕಿ ಪಟ್ಟಣಕ್ಕೆ 7, ಖಟಕ ಚಿಂಚೋಳಿಗೆ 15 ಎಂದು ನೆನಪಿಡಿ.
- ವಾಹನ ಚಾರ್ಜಿಂಗ್‌ಗೆ ರಾಜ್ಯದಲ್ಲಿ ಪ್ರತ್ಯೇಕ ದರ ವರ್ಗವೇ ಇದೆ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) 2023ರ ಆದೇಶದಲ್ಲಿ ಇದನ್ನು ಯೂನಿಟ್‌ಗೆ 5 ರೂ.ನಿಂದ 4.50 ರೂ.ಗೆ ಇಳಿಸಿತು.
- ಹೊಸ ಮೀಟರಿಗೆ ಅದರದೇ ನಿಗದಿತ ಶುಲ್ಕ ಇರುತ್ತದೆ. ಆದ್ದರಿಂದ ಮೊದಲ ಮನೆಯಂಥವರಿಗೆ ಇದು ಬೇಡ. ಎರಡನೇ ಮನೆಗೆ ಮಾತ್ರ ಲೆಕ್ಕ ಹಾಕಿ ನೋಡುವಷ್ಟು ಉಪಯುಕ್ತ.

ಗಾಡಿಯ ಬೆಲೆಯಲ್ಲಿ ಬರುವ ಸಬ್ಸಿಡಿ

ಇಸವಿಗಳ ಸರಣಿ ಹೀಗಿದೆ. ಎಲೆಕ್ಟ್ರಿಕ್ ವಾಹನಗಳಿಗೆ ನೆರವು ಕೊಟ್ಟ ಕೇಂದ್ರದ ಫೇಮ್ ಯೋಜನೆಯ ಮೊದಲ ಹಂತ 2015ರ ಏಪ್ರಿಲ್ 1ರಿಂದ. ಎರಡನೇ ಹಂತ 2019ರ ಏಪ್ರಿಲ್ 1ರಿಂದ 2024ರ ಮಾರ್ಚ್ 31ರವರೆಗೆ, ಆರಂಭದ ಮೊತ್ತ 10,000 ಕೋಟಿ. ನಡುವೆ ಆರು ತಿಂಗಳ ತಾತ್ಕಾಲಿಕ ಯೋಜನೆ ಇಎಂಪಿಎಸ್ 2024. 2024ರ ಅಕ್ಟೋಬರ್ 1ರಿಂದ ಪಿಎಂ ಇ-ಡ್ರೈವ್, ಮೊತ್ತ 10,900 ಕೋಟಿ. ಎಲ್ಲವೂ ಭಾರಿ ಕೈಗಾರಿಕೆ ಸಚಿವಾಲಯದ ಕೈಯಲ್ಲಿವೆ.

ಪಿಎಂ ಇ-ಡ್ರೈವ್‌ನಲ್ಲಿ ದ್ವಿಚಕ್ರ ವಾಹನಕ್ಕೆ ಮೊದಲ ವರ್ಷ ಬ್ಯಾಟರಿಯ ಪ್ರತಿ ಕಿಲೋವ್ಯಾಟ್-ಅವರ್‌ಗೆ 5,000 ರೂ., ಮಿತಿ 10,000 ರೂ. 2025ರ ಏಪ್ರಿಲ್‌ನಿಂದ 2,500 ರೂ., ಮಿತಿ 5,000 ರೂ. ಮೂರು ಕಿಲೋವ್ಯಾಟ್-ಅವರ್ ಬ್ಯಾಟರಿಗೆ ಗುಣಿಸಿದರೆ 7,500 ಬರುತ್ತದೆ, ಕೈಗೆ ಸಿಗುವುದು 5,000. ಎರಡು ಕಿಲೋವ್ಯಾಟ್-ಅವರ್‌ಗೇ ಮಿತಿ ಮುಟ್ಟುತ್ತದೆ ಎಂಬುದು ಪ್ರಶ್ನೆಯಾಗಬಲ್ಲ ಅಂಶ. ಒಂದು ಆಧಾರ್‌ಗೆ ಒಂದೇ ಗಾಡಿ. ಮೊಬೈಲಿಗೆ ಇ-ವೋಚರ್ ಬರುತ್ತದೆ, ಸಹಿ ಮಾಡಿ ಡೀಲರ್‌ಗೆ ಕೊಡಬೇಕು. 2025ರ ಆಗಸ್ಟ್ ಅಧಿಸೂಚನೆ ಯೋಜನೆಯನ್ನು 2028ರ ಮಾರ್ಚ್‌ವರೆಗೆ ಮುಂದುವರಿಸಿತು. ಆದರೆ ದ್ವಿಚಕ್ರ, ತ್ರಿಚಕ್ರ ವಾಹನಗಳ ಸಬ್ಸಿಡಿಗೆ ಅದೇ ಅಧಿಸೂಚನೆ ಇಟ್ಟ ಗಡುವು 2026ರ ಮಾರ್ಚ್ 31. ಖಾಸಗಿ ಕಾರುಗಳಿಗೆ ಈ ಯೋಜನೆಯಲ್ಲಿ ಖರೀದಿ ಸಬ್ಸಿಡಿ ಇಲ್ಲ.

ಚಾರ್ಜರ್ ವಿಷಯದಲ್ಲಿ ಒಂದು ಘಟನೆಯನ್ನು ಮರೆಯಬಾರದು. ಫೇಮ್ ಎರಡರಲ್ಲಿ ಸಬ್ಸಿಡಿಗೆ ಸ್ಕೂಟರ್‌ನ ಕಾರ್ಖಾನೆ ಬೆಲೆ ಒಂದೂವರೆ ಲಕ್ಷ ದಾಟುವಂತಿರಲಿಲ್ಲ. ಕೆಲವು ಕಂಪನಿಗಳು ಮನೆ ಚಾರ್ಜರ್‌ಗೆ ಬೇರೆ ಬಿಲ್ ಹಾಕಿ ಮಾರಿದವು. ಸಚಿವಾಲಯ ವಿಚಾರಿಸಿದ ಮೇಲೆ 2023ರ ಮೇ ತಿಂಗಳಲ್ಲಿ ಓಲಾ, ಏಥರ್, ಟಿವಿಎಸ್, ಹೀರೊ ವಿಡಾ ಚಾರ್ಜರ್ ಹಣವನ್ನು ಗ್ರಾಹಕರಿಗೆ ಹಿಂದಿರುಗಿಸಲು ಒಪ್ಪಿದವು. ದೇಶದಲ್ಲಿ ಮನೆ ಚಾರ್ಜರ್ ಹೆಸರಲ್ಲಿ ಅಷ್ಟು ದೊಡ್ಡ ಪ್ರಮಾಣದಲ್ಲಿ ಜನರಿಗೆ ಹಣ ಮರಳಿದ್ದು ಅದೊಂದೇ ಸಲ ಎಂದರೆ ತಪ್ಪಾಗದು. ಗಾಡಿ ಕೊಳ್ಳುವಾಗ ಚಾರ್ಜರ್ ಬೆಲೆಯೊಳಗಿದೆಯೋ ಹೊರಗಿದೆಯೋ ಎಂದು ಬಿಲ್ಲಿನಲ್ಲಿ ನೋಡಿಕೊಳ್ಳಿ.

ತೆರಿಗೆಯ ಬಾಗಿಲು

- ಜಿಎಸ್‌ಟಿ: 2019ರ ಆಗಸ್ಟ್ 1ರಿಂದ ಎಲೆಕ್ಟ್ರಿಕ್ ವಾಹನಕ್ಕೆ ಶೇ. 12ರಿಂದ 5, ಚಾರ್ಜರ್‌ಗೆ ಶೇ. 18ರಿಂದ 5. ಮನೆಯವರಿಗೆ ಚಾರ್ಜರ್ ಮೇಲೇ ಬರುವ ನೇರ ರಿಯಾಯಿತಿ ಇದು. ವೈರ್, ಎಂಸಿಬಿಗೆ ಇದು ಅನ್ವಯಿಸುವುದಿಲ್ಲ.
- ಆದಾಯ ತೆರಿಗೆ 80ಇಇಬಿ: ವಾಹನ ಸಾಲದ ಬಡ್ಡಿಗೆ 1.5 ಲಕ್ಷ ರೂ.ವರೆಗೆ ಕಡಿತ. ಸಾಲ 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಮಂಜೂರಾಗಿರಬೇಕು. ಹೊಸ ಸಾಲಕ್ಕೆ ಇಲ್ಲ.
- ನೋಂದಣಿ ಪತ್ರದ ಶುಲ್ಕ: ಬ್ಯಾಟರಿ ವಾಹನಗಳಿಗೆ 2021ರ ಆಗಸ್ಟ್‌ನಲ್ಲಿ ಕೇಂದ್ರ ಮನ್ನಾ ಮಾಡಿತು.
- ರಸ್ತೆ ತೆರಿಗೆ: ರಾಜ್ಯದಲ್ಲಿ ಮೊದಲು ಪೂರ್ಣ ವಿನಾಯಿತಿ ಇತ್ತು. 2024ರ ತಿದ್ದುಪಡಿ 25 ಲಕ್ಷ ರೂ. ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇ. 10ರ ಆಜೀವ ತೆರಿಗೆ ಹಾಕಿತು. ಕೊಳ್ಳುವ ದಿನದ ದರವನ್ನು ಭಾಲ್ಕಿ ಆರ್‌ಟಿಒ ಕಚೇರಿಯಲ್ಲಿ ಕೇಳುವುದು ಒಳ್ಳೆಯದು.

ಗಡಿ ಜಿಲ್ಲೆಯವರಿಗೆ ಇನ್ನೊಂದು ಮಾತು. ತೆಲಂಗಾಣ 2024ರ ನವೆಂಬರ್‌ನಲ್ಲಿ ರಸ್ತೆ ತೆರಿಗೆ, ನೋಂದಣಿ ಶುಲ್ಕ ಎರಡನ್ನೂ 2026ರ ಡಿಸೆಂಬರ್ 31ರವರೆಗೆ ಬಿಟ್ಟಿತು. ಆ ವಿನಾಯಿತಿ ಅಲ್ಲೇ ಕೊಂಡು ಅಲ್ಲೇ ನೋಂದಾಯಿಸಿದ ಗಾಡಿಗೆ. ತೆಲಂಗಾಣದ ಜಹೀರಾಬಾದಿನಲ್ಲಿ ಮಹೀಂದ್ರಾದ ಎಲೆಕ್ಟ್ರಿಕ್ ಆಟೋ ಕಾರ್ಖಾನೆ ಇದೆಯೆಂದು ಬೀದರಿನವರಿಗೆ ಅಲ್ಲಿನ ತೆರಿಗೆ ರಿಯಾಯಿತಿ ಸಿಗುವುದಿಲ್ಲ.

ಸೋಲಾರ್

ಪಿಎಂ ಸೂರ್ಯಘರ್ ಮುಫ್ತ್ ಬಿಜಲಿ ಯೋಜನೆ: ಚಾಲನೆ 2024ರ ಫೆಬ್ರುವರಿ, ಗುರಿ ಒಂದು ಕೋಟಿ ಮನೆ, ಮೊತ್ತ 75,021 ಕೋಟಿ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು ಗರಿಷ್ಠ 78,000 ರೂ. ವಸತಿ ಸಂಘಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂ. ಇದೆ. ಅದರಲ್ಲಿ ವಾಹನ ಚಾರ್ಜಿಂಗ್‌ನ ಹೆಸರೇ ಬರೆದಿದೆ. 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಕಿಲ್ಲ. ಸೊನ್ನೆ ಬಿಲ್ ಮನೆಗೆ ಇದರ ಅವಸರವಿಲ್ಲ. 200 ದಾಟಿದ ಮನೆಗೂ ಕಾರು ಕೊಳ್ಳುವ ಮನೆಗೂ ಇದು ಮೊದಲ ಆಯ್ಕೆ.

ಕಾನೂನು, ಮಾನದಂಡ, ಸುರಕ್ಷತೆ

ಚಾರ್ಜಿಂಗ್ ಒಂದು ಸೇವೆ, ವಿದ್ಯುತ್ ಮಾರಾಟವಲ್ಲ, 2003ರ ವಿದ್ಯುತ್ ಕಾಯ್ದೆಯಡಿ ಪರವಾನಗಿ ಬೇಡ ಎಂದು ಕೇಂದ್ರ ವಿದ್ಯುತ್ ಸಚಿವಾಲಯ ಸ್ಪಷ್ಟಪಡಿಸಿದ್ದು 2018ರ ಏಪ್ರಿಲ್ 13ರಂದು. ಈಗಿರುವ ಮನೆ ಸಂಪರ್ಕದಿಂದಲೇ ಸ್ವಂತ ಗಾಡಿ ಚಾರ್ಜ್ ಮಾಡಿಕೊಳ್ಳಬಹುದು ಎಂದು ಮಾರ್ಗಸೂಚಿ ಹೇಳುತ್ತದೆ. ಆದರೆ ಹೊಲದ ಪಂಪ್‌ಸೆಟ್ ಲೈನಿನಿಂದ ಚಾರ್ಜ್ ಮಾಡುವಂತಿಲ್ಲ. 10 ಎಚ್‌ಪಿವರೆಗಿನ ಉಚಿತ ವಿದ್ಯುತ್ ನೀರಾವರಿಗೆ ಮಾತ್ರ ಕೊಟ್ಟದ್ದು. ಬೇರೆ ಉದ್ದೇಶಕ್ಕೆ ಬಳಸಿದರೆ ಕಾಯ್ದೆಯ ಸೆಕ್ಷನ್ 126ರ ಅನಧಿಕೃತ ಬಳಕೆಯಾಗುತ್ತದೆ.

ಮನೆ ಸಾಕೆಟ್‌ನ ಭಾರತೀಯ ಮಾನದಂಡ ಐಎಸ್ 1293, ವಾಹನ ಚಾರ್ಜಿಂಗ್‌ನದು ಐಎಸ್ 17017. ಸ್ಕೂಟರ್‌ಗೆ ಒಳ್ಳೆಯ ಸಾಕೆಟ್ ಸಾಕು. ಕಾರಿಗೆ 16 ಆಂಪಿಯರ್‌ನಲ್ಲಿ ಸುಮಾರು 3.3 ಕಿಲೋವ್ಯಾಟ್, 32 ಆಂಪಿಯರ್‌ನಲ್ಲಿ 7ರ ಆಸುಪಾಸು. ಒಂದು ಕಿಲೋವ್ಯಾಟ್ ಮಂಜೂರಾದ ಮನೆ ನಾಲ್ಕಕ್ಕೆ ಏರಿಸಿಕೊಂಡರೆ 2025-26ರ ದರದಲ್ಲಿ ನಿಗದಿತ ಶುಲ್ಕ 145ರಿಂದ 580 ರೂ.ಗೆ ಹೋಗುತ್ತದೆ.

ಅರ್ಥಿಂಗ್‌ಗೆ ಸಬ್ಸಿಡಿ ಇಲ್ಲ, ಆದರೆ ಅದಿಲ್ಲದೆ ಉಳಿದದ್ದೆಲ್ಲ ವ್ಯರ್ಥ. ಹಳೆಯ ಮನೆಗಳಲ್ಲಿ ಮೂರನೇ ತೂತಿಗೆ ವೈರೇ ಎಳೆದಿರುವುದಿಲ್ಲ. ಮಳೆಗಾಲದಲ್ಲಿ ತಗಡಿನ ಶೆಡ್ಡಿನಡಿ, ಒದ್ದೆ ನೆಲದ ಮೇಲೆ, ಎಕ್ಸ್‌ಟೆನ್ಶನ್ ಬಾಕ್ಸ್‌ನಿಂದ ಚಾರ್ಜ್‌ಗೆ ಇಡುವುದು ಜೀವಕ್ಕೆ ಅಪಾಯ. ಅರ್ಥಿಂಗ್ ಗುಂಡಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಚಾರ್ಜಿಂಗ್‌ಗೇ ಮೀಸಲಾದ ವೈರ್, ಈ ಮೂರಕ್ಕೆ ಹಣ ಎತ್ತಿಟ್ಟು ಆಮೇಲೆ ಗಾಡಿಗೆ ಮುಂಗಡ ಕೊಡಿ.

ಒಂದೇ ಸಾಲಿನವು

ರಾಷ್ಟ್ರೀಯ ಎಲೆಕ್ಟ್ರಿಕ್ ಮೊಬಿಲಿಟಿ ಮಿಷನ್ ಯೋಜನೆ 2020 ಪ್ರಕಟವಾದದ್ದು 2013ರಲ್ಲಿ. ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2017. ಕರ್ನಾಟಕ ಕ್ಲೀನ್ ಮೊಬಿಲಿಟಿ ನೀತಿ 2025-30, ಬಿಡುಗಡೆ 2025ರ ಫೆಬ್ರುವರಿ. ಚಾರ್ಜಿಂಗ್‌ಗೆ ರಾಜ್ಯದ ನೋಡಲ್ ಸಂಸ್ಥೆ ಬೆಸ್ಕಾಂ. ನೀತಿ ಆಯೋಗದ ಇ-ಅಮೃತ್ ಜಾಲತಾಣ 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಬಿಡುಗಡೆ. ವಿಶ್ವ ಎಲೆಕ್ಟ್ರಿಕ್ ವಾಹನ ದಿನ ಸೆಪ್ಟೆಂಬರ್ 9. ವಿದ್ಯುತ್ ಸಹಾಯವಾಣಿ 1912.

ಗಾಡಿ ಬುಕ್ ಮಾಡುವ ಮುಂಚೆ ಮನೆಯ ಹನ್ನೆರಡು ತಿಂಗಳ ಬಿಲ್ ತೆಗೆದು ಸಾಲಾಗಿ ಇಡಿ. ಅತಿ ಹೆಚ್ಚು ಬಳಕೆಯ ತಿಂಗಳಿಗೆ 45 ಕೂಡಿಸಿ. 200ರ ಒಳಗೆ ಬಂದರೆ ಇರುವ ಮೀಟರ್ ಸಾಕು. ದಾಟಿದರೆ ಪ್ರತ್ಯೇಕ ಸಂಪರ್ಕದ ಅರ್ಜಿಯನ್ನು ಗಾಡಿ ಮನೆಗೆ ಬರುವ ಮೊದಲೇ ಜೆಸ್ಕಾಂ ಕಚೇರಿಗೆ ಕೊಡಿ.