ಚೀನೀ ಮುಲಾಮಿನ ಡಬ್ಬಿಯಲ್ಲಿ ಏನಿದೆ?

ಪ್ರಶ್ನೆ: ಆರು ವರ್ಷದ ಮಗನಿಗೆ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ಇಸುಬು. ರಾತ್ರಿಯೆಲ್ಲಾ ತುರಿಸಿಕೊಳ್ಳುತ್ತಾನೆ. ಹೊರದೇಶದಲ್ಲಿರುವ ನನ್ನ ತಮ್ಮ ಚೀನೀ ಗಿಡಮೂಲಿಕೆಯ ಮುಲಾಮು ತಂದುಕೊಟ್ಟ. ನಾಲ್ಕೇ ದಿನಕ್ಕೆ ಚರ್ಮ ನುಣುಪಾಯಿತು. ಡಬ್ಬಿ ಮುಗಿದ ವಾರದೊಳಗೆ ಮೊದಲಿಗಿಂತ ಜೋರಾಗಿ ಕೆರಳಿದೆ. ಇನ್ನೊಂದು ತರಿಸಲೇ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಬೇಡ, ತಾಯಿ. ಹಚ್ಚಿದಾಗ ನಾಲ್ಕು ದಿನಕ್ಕೆ ಮಾಯ, ಬಿಟ್ಟರೆ ವಾರಕ್ಕೆ ದುಪ್ಪಟ್ಟು ಎಂದು ಓದಿದಾಗಲೇ ನನಗೆ ಗಾಬರಿಯಾಯಿತು. ಬೇರು ತೊಗಟೆಗಳು ಇಷ್ಟು ಬೇಗ ಕೆಲಸ ಮಾಡುವುದು ಅಪರೂಪ. ಪ್ರಬಲ ಸ್ಟೀರಾಯ್ಡ್ ಮಾತ್ರ ಹೀಗೇ ಮಾಡುತ್ತದೆ. ಲಂಡನ್ನಿನ ಚರ್ಮವೈದ್ಯರು ತಮ್ಮ ರೋಗಿಗಳು ಹಚ್ಚಿಕೊಳ್ಳುತ್ತಿದ್ದ 11 ಚೀನೀ ಮೂಲಿಕೆ ಕ್ರೀಮುಗಳನ್ನು ಪರೀಕ್ಷೆಗೆ ಕಳಿಸಿ, ಫಲಿತಾಂಶವನ್ನು 1999ರಲ್ಲಿ ಪ್ರಕಟಿಸಿದರು. ಎಂಟರಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಸಿಕ್ಕಿತು. ನಿಮ್ಮ ಡಬ್ಬಿಯಲ್ಲೂ ಅದೇ ಇದೆ ಎಂದು ನೋಡದೆ ಹೇಳಲಾರೆ, ಅನುಮಾನವಂತೂ ಬಲವಾಗಿದೆ. ಖಾಲಿ ಡಬ್ಬಿಯನ್ನು ಎಸೆಯದೆ ಚರ್ಮವೈದ್ಯರಿಗೆ ತೋರಿಸಿ. ಎಷ್ಟು ದಿನ, ಎಲ್ಲೆಲ್ಲಿ ಹಚ್ಚಿದಿರೆಂದು ಮುಚ್ಚಿಡದೆ ಹೇಳಿ.

ಇದಕ್ಕೆ ಚೀನೀ ವೈದ್ಯವನ್ನು ಬೈಯುವುದು ನ್ಯಾಯವಲ್ಲ. ಸ್ಟೀರಾಯ್ಡ್ ಇದ್ದರೆ, ಅದರ ಹೆಸರಿನಲ್ಲಿ ಯಾರೋ ಮಾಡಿದ ಕಲಬೆರಕೆ ಅದು. ನಿಜವಾದ ಚೀನೀ ವೈದ್ಯರು ನಾಲಿಗೆ ನೋಡಿ, ನಾಡಿ ಹಿಡಿದು, ಆ ರೋಗಿಗೆಂದೇ ಬೇರು, ತೊಗಟೆ, ಹೂವು ತೂಗಿ ಕಷಾಯಕ್ಕೆ ಕೊಡುತ್ತಾರೆ. ಮುಂದಿನ ಸಲ ಬಂದಾಗ ಬೇಕಿದ್ದರೆ ಪಾಕ ಬದಲಿಸುತ್ತಾರೆ. ಲಂಡನ್ನಿನ ಚೈನಾಟೌನಿನಲ್ಲಿ ಅಂಥ ವೈದ್ಯೆಯೊಬ್ಬರ ಕಷಾಯದಿಂದ ಹಟಮಾರಿ ಇಸುಬಿದ್ದ ಮಕ್ಕಳು ಚೇತರಿಸಿಕೊಂಡದ್ದನ್ನು ಆಸ್ಪತ್ರೆಯ ವೈದ್ಯರು ಗಮನಿಸಿದರು. ಗಮನಿಸಿ ಸುಮ್ಮನಾಗಲಿಲ್ಲ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಹತ್ತು ಮೂಲಿಕೆಗಳ ಒಂದೇ ಪಾಕವನ್ನು ಗೊತ್ತುಮಾಡಿಕೊಂಡು, ಔಷಧಗುಣವಿಲ್ಲದ ಕಷಾಯದೊಂದಿಗೆ ಹೋಲಿಸಿ ನೋಡಿದರು. 1992ರಲ್ಲಿ ಬಂದ ವರದಿಗಳ ಪ್ರಕಾರ ಮಕ್ಕಳಿಗೂ ದೊಡ್ಡವರಿಗೂ ಗುಣ ಕಂಡಿತ್ತು. ಆದರೆ ಮುಂದೆ ಹಾಂಗ್‌ಕಾಂಗ್‌ನಲ್ಲಿ ಅದನ್ನೇ ಪರೀಕ್ಷಿಸಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಇಸುಬಿಗೆ ಇಂಥ ಕಷಾಯ ಕುಡಿದ ಕೆಲವರ ಲಿವರ್ ಕೆಟ್ಟ ವರದಿಗಳೂ ಬಂದವು. ಹಾಗಾಗಿ ಕಷಾಯವನ್ನೂ ಮಗುವಿಗೆ ನಾನು ಹೇಳುವುದಿಲ್ಲ.

ಈಗ ಮಾಡಬೇಕಾದದ್ದು: ಉಗುರುಬೆಚ್ಚಗಿನ ನೀರಿನ ಚುಟುಕು ಸ್ನಾನ, ಮೈ ಒದ್ದೆಯಿರುವಾಗಲೇ ತೇವ ಹಿಡಿದಿಡುವ ಕ್ರೀಮು, ಮೆತ್ತನೆಯ ಹತ್ತಿ ಬಟ್ಟೆ, ಕತ್ತರಿಸಿದ ಉಗುರು. ವೈದ್ಯರು ಅಳತೆಯಿಟ್ಟು ಸ್ಟೀರಾಯ್ಡ್ ಕ್ರೀಮನ್ನೇ ಬರೆದುಕೊಟ್ಟರೂ ಹೆದರಬೇಡಿ. ಯಾವುದು, ಎಷ್ಟು, ಎಷ್ಟು ದಿನ ಎಂದು ಅವರಿಗೆ ಗೊತ್ತಿರುತ್ತದೆ. ಹೆಸರಿಲ್ಲದ ಡಬ್ಬಿಯಲ್ಲಿ ಇಲ್ಲದ್ದು ಅದೇ.

ಪ್ರಶ್ನೆ: ಹದಿನೈದು ವರ್ಷದಿಂದ ಸೋರಿಯಾಸಿಸ್. ಚೀನಾದ ‘ಚಿಂಗ್‌ಡಾಯ್’ ಪುಡಿಯನ್ನು ಕ್ಯಾಪ್ಸೂಲಿನಲ್ಲಿ ನುಂಗಿದರೆ ವಾಸಿಯಾಗುತ್ತದೆ ಎನ್ನುತ್ತಾರೆ. ನಿಜವೇ?
— ಓದುಗರು, ಹುಬ್ಬಳ್ಳಿ

ಉತ್ತರ: ಚಿಂಗ್‌ಡಾಯ್ ಎಂದರೆ ನೀಲಿ. ಬಟ್ಟೆಗೆ ಬಣ್ಣ ಹಾಕುವ ನೀಲಿ ಗಿಡಗಳ ಸೊಪ್ಪನ್ನು ನೆನೆಹಾಕಿ, ಸುಣ್ಣ ಬೆರೆಸಿ ತೆಗೆಯುವ ಪುಡಿ. ತೈವಾನಿನಲ್ಲಿ 42 ರೋಗಿಗಳು ದೇಹದ ಒಂದು ಕಡೆಗೆ ಇದರ ಮುಲಾಮನ್ನೂ ಇನ್ನೊಂದು ಕಡೆಗೆ ಬರೀ ಜಿಡ್ಡನ್ನೂ 12 ವಾರ ಹಚ್ಚಿ ನೋಡಿದರು. ನೀಲಿ ಹಚ್ಚಿದ ಕಡೆ ಹುರುಪೆ ಸ್ಪಷ್ಟವಾಗಿ ಇಳಿಯಿತು. ಬಟ್ಟೆ, ಹಾಸಿಗೆಗೆ ಕಲೆಯಾಗುವುದು ಅದರ ತೊಂದರೆ.

ನುಂಗುವುದು ಬೇರೆಯೇ ಮಾತು. ಇದನ್ನು ಹೊಟ್ಟೆಗೆ ತೆಗೆದುಕೊಂಡ ಕೆಲವರಿಗೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಹೃದಯಕ್ಕೆ ಅಪಾಯವಾದದ್ದನ್ನು ಕಂಡು ಜಪಾನ್ ಸರ್ಕಾರ 2016ರಲ್ಲಿ ಎಚ್ಚರಿಕೆ ಕೊಟ್ಟಿತು. ದಯವಿಟ್ಟು ನುಂಗಬೇಡಿ.

ಪ್ರಶ್ನೆ: ಮಲೇರಿಯಾ ಔಷಧಿ ಚೀನೀ ಮೂಲಿಕೆಯಿಂದಲೇ ಬಂದದ್ದಂತೆ. ಹಾಗಾದರೆ ಜ್ವರ ಬಂದಾಗ ಆ ಸೊಪ್ಪಿನ ಚಹಾ ಕುಡಿದರೆ ಸಾಲದೇ?
— ಕಾಲೇಜು ವಿದ್ಯಾರ್ಥಿ, ಮಂಗಳೂರು

ಉತ್ತರ: ಸಾಲದು. ಆದರೆ ಕಥೆ ನಿಜ, ಸೊಗಸಾಗಿಯೂ ಇದೆ. ಟು ಯೊಯೊ ಎಂಬ ವಿಜ್ಞಾನಿ ‘ಚಿಂಗ್‌ಹಾವ್’ ಸೊಪ್ಪಿನ ಸಾರ ತೆಗೆದಾಗ ಅದು ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. ನಾಲ್ಕನೇ ಶತಮಾನದ ಚೀನೀ ವೈದ್ಯ ಗೆ ಹೊಂಗ್ ತನ್ನ ಗ್ರಂಥದಲ್ಲಿ ಆ ಸೊಪ್ಪನ್ನು ಕುದಿಸಲು ಹೇಳಿರಲಿಲ್ಲ. ನೀರಲ್ಲಿ ನೆನೆಸಿ ಹಿಂಡಿದ ರಸ ಕುಡಿಯಿರಿ ಎಂದಿದ್ದ. ಅದನ್ನು ಓದಿದಾಗ, ಕಾವೇ ಗುಣವನ್ನು ಕೊಲ್ಲುತ್ತಿದೆಯೇನೋ ಎಂದು ಟು ಅವರಿಗೆ ಹೊಳೆಯಿತು. ಕಡಿಮೆ ಕಾವಿನಲ್ಲಿ ಈಥರ್ ಬಳಸಿ ಸಾರ ತೆಗೆದರು. ಆರ್ಟಿಮಿಸಿನಿನ್ ಸಿಕ್ಕಿದ್ದು ಹಾಗೆ. 2015ರಲ್ಲಿ ನೊಬೆಲ್ ಬಂದದ್ದೂ ಅದಕ್ಕೇ.

ಚಹಾದ ಲೋಟದಲ್ಲಿ ಆ ಅಂಶ ಎಷ್ಟಿದೆಯೆಂದು ಯಾರೂ ಹೇಳಲಾರರು. ಅರೆಬರೆ ಪ್ರಮಾಣ ಹೋದರೆ ರೋಗಾಣು ಸಾಯದೆ ಔಷಧಿಗೆ ಒಗ್ಗಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆ ಈ ಚಹಾವನ್ನು ಒಪ್ಪದಿರುವುದು ಇದರಿಂದಲೇ. ನಿಮ್ಮೂರು ಮಲೇರಿಯಾ ಕಂಡ ಊರು. ಚಳಿಜ್ವರ ಬಂದ ದಿನವೇ ರಕ್ತಪರೀಕ್ಷೆ ಮಾಡಿಸಿ, ಕೊಟ್ಟ ಮಾತ್ರೆಯನ್ನು ಕೊನೆಯವರೆಗೂ ನುಂಗಿ.

ಪ್ರಶ್ನೆ: ಎಂಟು ತಿಂಗಳ ಮೊಮ್ಮಗಳಿಗೆ ನೆಗಡಿ. ಸೊಸೆ ತಂದ ಟೈಗರ್ ಬಾಮ್ ಎದೆಗೆ ಹಚ್ಚಲೇ?
— ಅಜ್ಜಿ, ಮೈಸೂರು

ಉತ್ತರ: ಬೇಡ ಅಮ್ಮ. ಅದರಲ್ಲಿರುವುದು ಕರ್ಪೂರ, ಮೆಂಥಾಲ್, ಲವಂಗದೆಣ್ಣೆಯಂಥವು. ನಿಮ್ಮ ಮಂಡಿನೋವಿಗೆ ಹಿತವೆನಿಸೀತು, ಕೂಸಿಗೆ ಘಾಟು ಉಸಿರಿಗೆ ತೊಡಕು. ಕೈಗೆ ಅಂಟಿದ್ದು ಬಾಯಿಗೆ ಹೋದರೆ ಇನ್ನೂ ಕೆಟ್ಟದ್ದು. ಕರ್ಪೂರ ಹೊಟ್ಟೆ ಸೇರಿ ಮಕ್ಕಳಿಗೆ ಫಿಟ್ಸ್ ಬಂದದ್ದುಂಟು. ಮೂಗಿಗೆ ಸಲೈನ್ ಹನಿ ಸಾಕು, ಎದೆಹಾಲು ಮೇಲಿಂದ ಮೇಲೆ ಕುಡಿಸಲಿ. ಪಕ್ಕೆ ಎಳೆದುಕೊಂಡು ಉಸಿರಾಡಿದರೆ, ಹಾಲು ಬಿಟ್ಟರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.