ಪಟಿಕ ಎಷ್ಟು? ಸುಣ್ಣ ಎಷ್ಟು? – ಒಂದು ಮೋಲ್ ಲೆಕ್ಕ

ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಬರುತ್ತೆ, ಇನ್ನೂ ಹೆಚ್ಚಾದರೆ ಮೂಳೆ ಬಾಗುತ್ತೆ. ಕುದಿಸಿದರೆ ಇದು ಹೋಗಲ್ಲ.

ಇದನ್ನು ತೆಗೆಯೋಕೆ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ನಲ್ಗೊಂಡ ವಿಧಾನ ರೂಪಿಸಿದರು. ನೀರಿಗೆ ಸುಣ್ಣ, ಪಟಿಕ ಹಾಕಿ ಕಲಕುವುದು. ಆಗ ಹತ್ತಿಯಂಥ ಗಸಿ ಹುಟ್ಟಿ, ಫ್ಲೋರೈಡನ್ನು ಅಂಟಿಸಿಕೊಂಡು ತಳಕ್ಕೆ ಇಳಿಯುತ್ತೆ. ಆ ಗಸಿಯೇ ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಸರಿದೂಗಿಸಿದ ಸಮೀಕರಣ ಹೀಗಿದೆ:

ಅಲ್ಯೂಮಿನಿಯಂ ಸಲ್ಫೇಟ್ + 3 ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → 2 ಅಲ್ಯೂಮಿನಿಯಂ ಹೈಡ್ರಾಕ್ಸೈಡ್ + 3 ಕ್ಯಾಲ್ಸಿಯಂ ಸಲ್ಫೇಟ್

ಇಲ್ಲಿ 3 ಅಂದರೆ 3 ಗ್ರಾಂ ಅಲ್ಲ, 3 ಮೋಲ್. ಪೂಜೆಗೆ ಒಂದು ತೆಂಗಿನಕಾಯಿಗೆ ಮೂರು ನಿಂಬೆಹಣ್ಣು ತನ್ನಿ ಅಂದರೆ ಯಾರೂ ತಕ್ಕಡಿ ಹಿಡಿಯಲ್ಲ, ಎಣಿಸ್ತಾರೆ. ಹಾಗೇ ಇದೂ ಎಣಿಕೆ. ಆದರೆ ಅಣುಗಳನ್ನು ಎಣಿಸಲು ಆಗದ್ದರಿಂದ ತೂಕಕ್ಕೆ ತಿರುಗಿಸಬೇಕು.

ನೀರು ಶುದ್ಧಿ ಮಾಡುವ ಪಟಿಕದ ಒಂದು ಮೋಲ್‌ನಲ್ಲಿ 18 ಮೋಲ್ ನೀರೂ ಸೇರಿದೆ ಅಂತ ಹಿಡಿದರೆ 342 + 324 = 666 ಗ್ರಾಂ. (ಕ್ಷೌರದ ಅಂಗಡಿಯ ಪಟಿಕ ಬೇರೆ, ಅದರಲ್ಲಿ ಪೊಟ್ಯಾಸಿಯಂ ಇದೆ, ಈ ಲೆಕ್ಕ ಅದಕ್ಕೆ ನಡೆಯಲ್ಲ.) ಅರಳಿದ ಸುಣ್ಣ ಒಂದು ಮೋಲ್ 74 ಗ್ರಾಂ.

40 ಲೀಟರ್ ನೀರಿಗೆ 20 ಗ್ರಾಂ ಪಟಿಕ ಬೇಕು ಅಂತ ಪರೀಕ್ಷೆಯಿಂದ ತಿಳಿಯಿತು ಅನ್ನೋಣ.
ಪಟಿಕ: 20 ÷ 666 = 0.03 ಮೋಲ್
ಸುಣ್ಣ: 0.03 × 3 = 0.09 ಮೋಲ್
ತೂಕ: 0.09 × 74 = 6.66 ಗ್ರಾಂ

ಆದರೆ ನಲ್ಗೊಂಡ ವಿಧಾನದಲ್ಲಿ ಸುಣ್ಣ ಹಾಕೋದು ಸುಮಾರು ಪಟಿಕದ 20ನೇ ಒಂದು ಪಾಲು, ಅಂದರೆ ಬರೀ 1 ಗ್ರಾಂ! ಹಾಗಾದರೆ ಸಮೀಕರಣ ಸುಳ್ಳೇ? ಅಲ್ಲ. ನೀರಿನಲ್ಲಿ ಮೊದಲೇ ಇರುವ ಬೈಕಾರ್ಬೊನೇಟ್ ಉಳಿದ ಕೆಲಸ ಮಾಡುತ್ತೆ. ಪುಸ್ತಕದ ಲೆಕ್ಕ ಶುದ್ಧ ನೀರಿಗೆ, ನಮ್ಮ ಬೋರ್‌ವೆಲ್ಲಿನದು ಶುದ್ಧ ನೀರಲ್ಲವಲ್ಲ! ಪೂರ್ತಿ 6.66 ಗ್ರಾಂ ಹಾಕಿದರೆ ಸುಣ್ಣ ಮಿಕ್ಕಿ ನೀರು ಕ್ಷಾರವಾಗುತ್ತೆ, ಗಸಿ ಫ್ಲೋರೈಡನ್ನು ಸರಿಯಾಗಿ ಹಿಡಿಯಲ್ಲ. ಕ್ಷಾರ ಸಾಲದಿದ್ದರೆ ನೀರು ಆಮ್ಲೀಯವಾಗುತ್ತೆ.

ಇನ್ನೊಂದು ಮಾತು. ಸಮೀಕರಣದಲ್ಲಿ ಫ್ಲೋರೈಡ್ ಎಲ್ಲೂ ಇಲ್ಲ, ನೋಡಿದಿರಾ? ಅದಕ್ಕೇ ಪಟಿಕ ಎಷ್ಟು ಬೇಕು ಅನ್ನೋದು ಮೋಲ್ ಲೆಕ್ಕದಿಂದ ಸಿಗಲ್ಲ, ಆಯಾ ನೀರನ್ನು ಪರೀಕ್ಷಿಸಿಯೇ ತಿಳಿಯಬೇಕು. ಅಂದಾಜಿನಲ್ಲಿ ಮನೇಲಿ ಮಾಡಿ ಕುಡೀಬೇಡಿ.

ಮಾಡಿ ನೋಡಿ: ಒಂದು ಮೋಲ್ ಪಟಿಕಕ್ಕೆ 3 ಮೋಲ್ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬೇಕು. ಅದರ ಒಂದು ಮೋಲ್ 162 ಗ್ರಾಂ. ಮೇಲಿನ 20 ಗ್ರಾಂ ಪಟಿಕಕ್ಕೆ ಸುಣ್ಣವೇ ಇಲ್ಲದಿದ್ದರೆ ಎಷ್ಟು ಗ್ರಾಂ ಬೇಕು? ಉತ್ತರವನ್ನು ಈ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಬರೆಯಿರಿ.