ವ್ಯಕ್ತಿಚಿತ್ರದಲ್ಲಿ ಸೋಲಿನ ಸ್ಥಾನ

ವ್ಯಕ್ತಿಚಿತ್ರವೆಂದರೆ ಪ್ರಶಸ್ತಿಗಳ ಪಟ್ಟಿಯಲ್ಲ. ಬದುಕು ಯಾವ ಗಳಿಗೆಯಲ್ಲಿ ಪರೀಕ್ಷೆಗೆ ಒಳಗಾಯಿತೆಂಬುದನ್ನು ಗುರುತಿಸುವುದೇ ಲೇಖಕನ ಮೊದಲ ಕರ್ತವ್ಯ. ಕೊಡಗಿನ ಎಂ. ಪಿ. ಗಣೇಶರ ಜೀವನವನ್ನು ನಿದರ್ಶನವಾಗಿ ನೋಡಬಹುದು.

1946ರಲ್ಲಿ ಜನಿಸಿದ ಗಣೇಶರು ಮೊದಲು ಫುಟ್‌ಬಾಲ್ ಆಟಗಾರರು. ಸೇನೆಗೆ ಸೇರಿದ ಮೇಲೆ ಹಾಕಿಯತ್ತ ಹೊರಳಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಅವರಿದ್ದರು. ಮರುವರ್ಷ ನೆದರ್ಲೆಂಡ್ಸ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಅವರೇ ನಾಯಕರು. ಅಂತಿಮ ಪಂದ್ಯದಲ್ಲಿ ಆತಿಥೇಯರೆದುರು ಭಾರತ 2-0 ಮುನ್ನಡೆ ಪಡೆದಿತ್ತು. ಆಟ 2-2ರಲ್ಲಿ ಸಮವಾಯಿತು. ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಗೆಲುವು ಕೈಜಾರಿತು. 1975ರಲ್ಲಿ ಭಾರತ ವಿಶ್ವಕಪ್ ಗೆದ್ದಾಗ ನಾಯಕರಾಗಿದ್ದವರು ಅಜಿತ್‌ಪಾಲ್ ಸಿಂಗ್.

‘ಬೆಳ್ಳಿ ಪದಕ’ ಎಂಬ ಎರಡೇ ಪದಗಳಲ್ಲಿ ಈ ನೋವನ್ನು ಮುಚ್ಚಿಬಿಡಬಹುದು. ಆದರೆ ಅದನ್ನು ಬಿಡಿಸಿ ಹೇಳಿದಾಗಲೇ ಮುಂದಿನ ಅಧ್ಯಾಯಕ್ಕೆ ಅರ್ಥ ಬರುತ್ತದೆ: ಗಣೇಶರು ಆಟದಿಂದ ದೂರವಾಗಲಿಲ್ಲ, 1988ರ ಸಿಯೋಲ್ ಒಲಿಂಪಿಕ್ಸ್‌ಗೆ ಭಾರತ ತಂಡದ ತರಬೇತುದಾರರಾದರು. ಅಲ್ಲಿ ಭಾರತಕ್ಕೆ ದೊರೆತದ್ದು ಆರನೆಯ ಸ್ಥಾನ. 2020ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆ ಗೌರವದ ತೂಕ ತಿಳಿಯಬೇಕಾದರೆ 1973ರ ಸೋಲನ್ನೂ ತಿಳಿದಿರಬೇಕು.

ಅಭ್ಯಾಸ: ಆದೋನಿ ಅಥವಾ ಆಲೂರು ಪರಿಸರದ ಒಬ್ಬ ದೈಹಿಕ ಶಿಕ್ಷಕರನ್ನು ಸಂದರ್ಶಿಸಿ, ಅವರು ಎದುರಿಸಿದ ಒಂದು ಸೋಲನ್ನು ಕೇಂದ್ರವಾಗಿಟ್ಟುಕೊಂಡು ವ್ಯಕ್ತಿಚಿತ್ರವೊಂದನ್ನು ರಚಿಸಿರಿ.